ಗೇಮ್ ಅಂಗಡಿಯ ಮಾನಿಟರೂ ನಮ್ಮ ಮಾವನವರೂ

ಇವತ್ತು ಬೆಳಿಗ್ಗೆ ಕತ್ತರಿ ಹುಡುಕಲು ಅಡುಗೆಮನೆಯ ಕೆಳಗಿನ ಡ್ರಾಯರಿಗೆ ಕೈ ಹಾಕಿದೆ. ಕತ್ತರಿ ಸಿಗಲಿಲ್ಲ. ಕೈಗೆ ಬಂದದ್ದು ಮೊಳದುದ್ದದ ಒಂದು ಕೇಬಲ್. ಒಂದು ತುದಿಯಲ್ಲಿ ಹಳೆಯ ಕಂಪ್ಯೂಟರುಗಳಿಗೆ ಚುಚ್ಚುತ್ತಿದ್ದ ನೀಲಿ ತಲೆ, ಅದರೊಳಗೆ ಹದಿನೈದು ಸೂಜಿ. ಇನ್ನೊಂದು ತುದಿಯನ್ನು ಯಾರೋ ಹಲ್ಲಿನಿಂದ ಕಡಿದ ಹಾಗಿತ್ತು. ಯಾರೋ ಏನು, ನಾನೇ. ಆ ದಿನವೂ ಕತ್ತರಿ ಸಿಕ್ಕಿರಲಿಲ್ಲ.

ನಲವತ್ತು ದಾಟಿದ ಗೃಹಸ್ಥೆ ಕೇಬಲ್ ಏಕೆ ಕಚ್ಚಿದಳು ಎಂದು ನೀವು ಕೇಳುವುದು ಸಹಜ. ಸ್ವಲ್ಪ ಹಿಂದಿನಿಂದ ಹೇಳಬೇಕು. ನಾನು ದಾವಣಗೆರೆಯಲ್ಲಿ ಹೈಸ್ಕೂಲು ಓದುತ್ತಿದ್ದಾಗ ಬಸ್ ಸ್ಟ್ಯಾಂಡಿನ ಪಕ್ಕ ಒಂದು ವೀಡಿಯೋ ಗೇಮ್ ಅಂಗಡಿ ಇತ್ತು. ಬಾಗಿಲಿಗೆ ಕೆಂಪು ಪರದೆ, ಒಳಗೆ ಕತ್ತಲೆ, ಕತ್ತಲೆಯಲ್ಲಿ ಬಣ್ಣಬಣ್ಣದ ಬೆಳಕು. ಹೆಣ್ಣುಮಕ್ಕಳು ಒಳಗೆ ಹೋಗಬಾರದೆಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ. ಅಣ್ಣ ಒಳಗೆ ಹೋಗುತ್ತಿದ್ದ, ನಾನು ಹೊರಗೆ ನಿಂತು ಅವನ ಸೈಕಲ್ ಕಾಯುತ್ತಿದ್ದೆ. ಗಾಳಿಗೆ ಪರದೆ ಹಾರಿದಾಗ ಕಂಡಷ್ಟೇ ನನ್ನ ಆಟ. ಮೇಲಿನಿಂದ ಹುಳುಗಳ ಹಾಗೆ ಏನೋ ಇಳಿದು ಬರುತ್ತಿದ್ದವು, ಕೆಳಗಿನಿಂದ ಪುಟ್ಟ ವಿಮಾನವೊಂದು ಗುಂಡು ಹಾರಿಸುತ್ತಿತ್ತು. ಅದು ಗೆದ್ದಿತೋ ಸೋತಿತೋ ತಿಳಿಯುವಷ್ಟರಲ್ಲಿ ಪರದೆ ಮುಚ್ಚಿಕೊಳ್ಳುತ್ತಿತ್ತು.

ಎಷ್ಟೋ ವರ್ಷಗಳ ನಂತರ, ಆ ಅಣ್ಣನ ಮಗಳಿಗೆ ಪಿಜಿ ನೋಡಲು ಕುಂದಲಹಳ್ಳಿಗೆ ಹೋಗಿದ್ದೆ. ಕಟ್ಟಡದ ಯಜಮಾನ ನಾಗರಾಜಣ್ಣ ಆ ಊರಿನ ಹಳಬರು. ಹೊಲವಿದ್ದ ಜಾಗದಲ್ಲೇ ಈಗ ಐದಂತಸ್ತಿನ ಪಿಜಿ. ಮೆಟ್ಟಿಲ ಕೆಳಗೆ ಹರಿದ ಗೋಣಿಚೀಲ ಹೊದ್ದು ಕುಳಿತಿದ್ದ ದಪ್ಪ ಬೆನ್ನಿನ ಗಾಜಿನ ಪೆಟ್ಟಿಗೆಯನ್ನು ಕಂಡು ನಿಂತುಬಿಟ್ಟೆ.

"ಅದಾ? ನಂದೇ ಗೇಮ್ ಅಂಗ್ಡಿ ಇತ್ತು ಕಣಕ್ಕ ಇಲ್ಲಿ. ಮಿಶಿನ್ನು ಗೆದ್ದಲು ಇಡೀತು, ಟೀವಿ ಮಾತ್ರ ಉಳ್ಕೊಂಡೈತೆ. ಗುಜ್ರಿಗೆ ಆಕೋಕೆ ಮನ್ಸು ಬರ್ತಿಲ್ಲ" ಎಂದರು.

"ನಾನು ತಗೊಂಡು ಹೋಗ್ಲಾ?" ಎಂದು ಕೇಳಿದ್ದು ನಾನೇ ಎಂದು ನನಗೆ ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು.

"ಒತ್ಕೊಂಡೋಗಿ, ಪುಣ್ಯ ಬತ್ತದೆ. ಆದ್ರೆ ಉಸಾರು, ಒಂದ್ಕಿತ ಕರೆಂಟು ಒದ್ರೆ ಗ್ವಾಡೆಗೆ ಎಸೀತದೆ" ಎಂದರು ನಾಗರಾಜಣ್ಣ.

ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಆ ಮಾನಿಟರ್ ಮೇಲೇರಿದ ದಿನ ನನ್ನ ಗಂಡ ಮಹೇಶ ಏನೂ ಹೇಳಲಿಲ್ಲ. ಏನೂ ಹೇಳದಿರುವುದು ಅವನು ಬೇಸರ ತೋರಿಸುವ ರೀತಿ. ಮಾವನವರೂ ಏನೂ ಹೇಳಲಿಲ್ಲ. ಆದರೆ ಅವರು ಯಾವತ್ತೂ ಏನೂ ಹೇಳುತ್ತಿರಲಿಲ್ಲ.

ಇಲ್ಲಿ ನನ್ನ ದೂರನ್ನು ನಿಮ್ಮ ಮುಂದೆ ಇಡುತ್ತೇನೆ. ಮಾವನವರು ಹಾವೇರಿ ಕಡೆ ವಿದ್ಯುತ್ ಇಲಾಖೆಯಲ್ಲಿ ಲೈನ್ ನೋಡಿಕೊಂಡಿದ್ದು ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದರು. ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ, ಆಮೇಲೆ ಬಾಲ್ಕನಿಯಲ್ಲಿ ಪೇಪರ್. ನಾನು ಹಿಂದಿನಿಂದ ಹೋಗಿ "ಮಾವಾರೆ, ಚಾ ತರ್ಲಾ?" ಎಂದರೆ ಪೇಪರ್ ಅಲುಗುತ್ತಿರಲಿಲ್ಲ. ಎರಡನೇ ಸಲ ಕೇಳಿದರೂ ಇಲ್ಲ. ಅದೇ ಮಹೇಶ ಒಳಕೋಣೆಯಿಂದ, ಕೊಡದೊಳಗಿಂದ ಮಾತಾಡಿದಂಥ ತನ್ನ ಗಡಸು ದನಿಯಲ್ಲಿ "ಅಪ್ಪಾ" ಎಂದರೆ ಸಾಕು, "ಏನೋ?" ಎಂದು ತಿರುಗುತ್ತಿದ್ದರು. ಮಗನ ಮಾತಿಗೆ ಬೆಲೆ, ಸೊಸೆಯ ಮಾತಿಗೆ ಇಲ್ಲ! ಮೊದಲ ತಿಂಗಳು ಬೇಜಾರಾಯಿತು, ಮೂರನೆಯ ತಿಂಗಳು ಸಿಟ್ಟು ಬಂತು. ವರ್ಷವಾಗುವಷ್ಟರಲ್ಲಿ ನಾನೂ ಮಾತು ಬಿಟ್ಟೆ. ಲೋಟ ಮೇಜಿನ ಮೇಲೆ ಇಟ್ಟು, ಬೇಕಾದರೆ ಕುಡಿಯಲಿ ಎಂದು ಗೊಣಗಿಕೊಂಡು ಬರುತ್ತಿದ್ದೆ. ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲಿ ನನ್ನ ಕೆಲಸ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು. ಮಾವನವರಲ್ಲಿ ತಪ್ಪು ಹುಡುಕಲು ಆ ಅನುಭವ ಧಾರಾಳವಾಗಿ ಸಾಕಾಯಿತು.

ಹಾಗಿರುವಾಗ ಒಂದು ಸಂಜೆ ಊಟದ ಮೇಜಿನ ಮೇಲೆ ಮಾನಿಟರಿನ ಬೆನ್ನು ಬಿಚ್ಚಿಕೊಂಡು ಕುಳಿತಿದ್ದೆ. ಮಾವನವರು ಎದುರಿಗೆ ಬಂದು ನಿಂತರು.

"ಕೈ ತಗಿಯವಾ. ಆರಿಸಿದ್ರೂ ಇದರೊಳಗ ಕರೆಂಟ್ ಕುಂತಿರ್ತೈತಿ" ಎಂದರು. ಮುಖ ಕೊಟ್ಟು ನನ್ನೊಡನೆ ಅಷ್ಟುದ್ದ ಮಾತಾಡಿದ್ದು ಎಷ್ಟು ದಿನದ ಮೇಲೋ. "ಇದನ್ನ ಯಾತಕ್ಕ ಜೋಡಸ್ತಿ?"

"ಕಂಪ್ಯೂಟರಿಗೆ, ಅದರಲ್ಲಿರೋ ಹಳೇ ಗೇಮ್ ಆಡೋಕೆ" ಎಂದೆ.

ಅವರ ಕಣ್ಣು ಅಗಲವಾಯಿತು. ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟರು.

ಕಷ್ಟ ಇದ್ದದ್ದು ಎರಡು ಕಡೆ. ಮೊದಲನೆಯದು, ಈ ಬಗೆಯ ಹಳೆಯ ಮಾನಿಟರಿನ ಮೈಯಲ್ಲೇ ಗೋಡೆಯ ಕರೆಂಟು ಹರಿಯುತ್ತಿರುತ್ತದೆ; ನಡುವೆ ಬೇರೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕಂಪ್ಯೂಟರಿಗೆ ತಗುಲಿಸಿದರೆ ಎರಡೂ ಹೋಗುತ್ತವೆ, ಮುಟ್ಟಿದವರೂ ಹೋಗಬಹುದು. ಎರಡನೆಯದು ವೇಗ. ಈ ಮಾನಿಟರ್ ಪರದೆಯ ಮೇಲೆ ಗೆರೆ ಎಳೆಯುವುದು ಒಂದು ಹದದಲ್ಲಿ. ಕಂಪ್ಯೂಟರ್ ಗೆರೆ ಕಳಿಸುವುದು ಅದರ ಎರಡರಷ್ಟು ವೇಗದಲ್ಲಿ. ಪಂಕ್ತಿಯಲ್ಲಿ ನಿಧಾನವಾಗಿ ಉಣ್ಣುವವರ ಎಲೆಗೆ ಸೌಟಿನ ಮೇಲೆ ಸೌಟು ಬಡಿಸಿದ ಹಾಗೆ. ಬೇಡ ಬೇಡ ಎನ್ನುವ ಬದಲು ಇದು ಕಿರುಚುತ್ತದೆ. ಹಾಗೇ ಬಿಟ್ಟರೆ ಒಳಗೆ ಸುಟ್ಟುಹೋಗುತ್ತದೆ.

ವೇಗ ತಗ್ಗಿಸುವ ಪ್ರೋಗ್ರಾಮು ನನ್ನ ಪಾಲು. ಟ್ರಾನ್ಸ್‌ಫಾರ್ಮರ್ ಅವರ ಪಾಲು. ಒಂದು ಶನಿವಾರ ಇಬ್ಬರೂ ಊರಿನ ಈ ತುದಿಯಿಂದ ಆ ತುದಿಗೆ, ಪೀಣ್ಯಕ್ಕೆ ಹೋದೆವು. ಅಲ್ಲಿ ತಗಡಿನ ಶೆಡ್ಡೊಂದರಲ್ಲಿ ಸರೋಜಕ್ಕ ಎಂಬ ಹೆಂಗಸು ತಾಮ್ರದ ತಂತಿ ಸುತ್ತಿ ಟ್ರಾನ್ಸ್‌ಫಾರ್ಮರ್ ಮಾಡಿಕೊಡುತ್ತಿದ್ದರು. ಪಕ್ಕದಲ್ಲೇ ಲೇತ್ ಮಿಷಿನ್ನುಗಳ ಗದ್ದಲ. ಅಲ್ಲಿ ಎಲ್ಲರೂ ಎಲ್ಲರ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ನಾನೂ ಕೂಗಿದೆ. ಮಾವನವರು ನನ್ನ ಪ್ರತಿ ಮಾತಿಗೂ ಉತ್ತರ ಕೊಟ್ಟರು, ನಕ್ಕರು, ಸರೋಜಕ್ಕನಿಗೆ "ನನ್ನ ಸೊಸಿ ಭಾಳ ಶಾಣ್ಯಾಕಿ" ಎಂದು ಪರಿಚಯಿಸಿದರು.

"ಇಂಥ ಮಾವ ಸಿಗಕ್ಕೆ ಪುಣ್ಯ ಮಾಡಿರ್ಬೇಕು ಕಣ್ರೀ" ಎಂದರು ಸರೋಜಕ್ಕ.

ಹೊರಗಿನವರ ಮುಂದೆ ಎಷ್ಟು ಒಳ್ಳೆಯವರು ನೋಡಿ, ಎಂದುಕೊಂಡೆ ನಾನು. ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳಿಗೆ ಆ ಶೆಡ್ಡಿನಲ್ಲಿ ಕಣ್ಣೆದುರಿಗಿದ್ದದ್ದು ಕಾಣಲಿಲ್ಲ.

ಮರುದಿನ ಭಾನುವಾರ ಮಧ್ಯಾಹ್ನ ಜೋಡಣೆ. ಕೇಬಲ್ ಕಚ್ಚಿದ್ದು ಆಗಲೇ. ಕೆಂಪು, ಹಸಿರು, ನೀಲಿ ತಂತಿಗಳನ್ನು ಅವುಗಳ ಜಾಗಕ್ಕೆ ಬೆಸೆದೆ. ಮಾವನವರು ಉಳಿದ ತಂತಿಗಳನ್ನು ಹೊಸೆದು ಕೊಟ್ಟರು. ಆಮೇಲೆ ಅವರು ರಬ್ಬರ್ ಚಪ್ಪಲಿ ಮೆಟ್ಟಿ, ಒಂದು ಮಣೆಯ ಮೇಲೆ ಹತ್ತಿ, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈಯನ್ನು ಸ್ವಿಚ್ಚಿನ ಮೇಲಿಟ್ಟು ಧ್ವಜ ಹಾರಿಸುವವರ ಹಾಗೆ ನಿಂತರು. ನಾನು ಅವರ ಎದುರಿಗೆ ಹೋಗಿ ಸ್ಪಷ್ಟವಾಗಿ ಹೇಳಿದೆ: "ಅದು ಕಿರುಚಿದ ಕೂಡ್ಲೇ ಆಫ್ ಮಾಡ್ಬೇಕು."

"ಆತು" ಎಂದರು.

ಎಲ್ಲ ಸರಿಯಾಗಿತ್ತು, ನಾನೊಬ್ಬಳನ್ನು ಬಿಟ್ಟು. ಕಂಪ್ಯೂಟರ್ ಎದ್ದೇಳುವಾಗ ನನ್ನ ಪ್ರೋಗ್ರಾಮಿನ ಮಾತು ಕೇಳುವುದಿಲ್ಲ, ತನ್ನ ವೇಗದಲ್ಲೇ ಚಿತ್ರ ಕಳಿಸುತ್ತದೆ. ಆದ್ದರಿಂದ ಅದು ಪೂರ್ತಿ ಎದ್ದ ಮೇಲೆಯೇ ಮಾನಿಟರ್ ಹಾಕಬೇಕು. ಇದನ್ನು ಮೂರು ದಿನದಿಂದ ಮನೆಯವರಿಗೆಲ್ಲ ಪಾಠ ಮಾಡಿದ್ದೆ. ಉತ್ಸಾಹದಲ್ಲಿ ಕಂಪ್ಯೂಟರನ್ನು ಆಗಷ್ಟೇ ಮತ್ತೊಮ್ಮೆ ಶುರುಮಾಡಿ, ಅದು ಕಣ್ಣುಜ್ಜಿಕೊಳ್ಳುತ್ತಿರುವಾಗಲೇ "ಹಾಕ್ರಿ!" ಎಂದು ಕೈ ಎತ್ತಿದೆ.

ಮಾವನವರು ಹಾಕಿದರು. ಪರದೆಯ ಮೇಲೆ ಓರೆಯಾದ ಬಣ್ಣದ ಪಟ್ಟಿಗಳು ಹರಿದಾಡಿದವು. ಮಾನಿಟರ್ ಕಿರುಚಿತು. ಹಲ್ಲಿನ ಬೇರಿಗೆ ಸೂಜಿ ಚುಚ್ಚಿದಂಥ ದನಿ. ಒಳಗೆ ಮಲಗಿದ್ದ ಮಹೇಶ ಎದ್ದು ಓಡಿಬಂದ.

"ಆಫ್ ಮಾಡಿ! ಮಾವಾರೆ, ಆಫ್!"

ಮಾವನವರು ಮಣೆಯ ಮೇಲೆ ಪರದೆ ನೋಡುತ್ತ ನಿಂತಿದ್ದರು. ಮುಖವೆಲ್ಲ ಅರಳಿತ್ತು. "ಬಂತವಾ! ಬಣ್ಣ ಬಂತು!" ಎಂದು ಆನಂದದಿಂದ ಕೂಗಿದರು. ಸ್ವಿಚ್ಚಿನ ಮೇಲಿನ ಬೆರಳು ಅಲುಗಲಿಲ್ಲ.

ನಾನೇ ಹಾರಿ ಪ್ಲಗ್ ಕಿತ್ತೆ. ವರ್ಷದಿಂದ ನುಂಗಿದ್ದೆಲ್ಲ ಒಂದೇ ಸಲ ಹೊರಗೆ ಬಂತು. ಅವರ ಮುಖದೆದುರು ನಿಂತು, "ನಾನು ಹೇಳಿದ್ದು ನಿಮಗೆ ಕೇಳ್ಸೋದೇ ಇಲ್ವಾ? ಅಷ್ಟು ಕಿರುಚ್ತಿತ್ತು!" ಎಂದೆ.

"ಯಾವುದು?" ಎಂದರು ಮಾವನವರು.

ಹಟವಿರಲಿಲ್ಲ, ನಟನೆಯಿರಲಿಲ್ಲ. ಶಾಲೆಯಲ್ಲಿ ಪ್ರಶ್ನೆಯೇ ಅರ್ಥವಾಗದ ಮಗುವಿನ ಮುಖ ಅದು. ನಾನು ಮಹೇಶನನ್ನು ನೋಡಿದೆ. ಮೆಲ್ಲಗೆ ಅವರ ಬೆನ್ನ ಹಿಂದೆ ಹೋಗಿ ನಿಂತು, ಎಂದಿನ ದನಿಯಲ್ಲಿ, "ಮಾವಾರೆ, ಚಾ ತರ್ಲಾ?" ಎಂದೆ. ಅವರು ಮಾನಿಟರನ್ನೇ ನೋಡುತ್ತಿದ್ದರು. ಸ್ವಲ್ಪ ಜೋರಾಗಿ ಕೇಳಿದೆ. ಇಲ್ಲ. ಮಹೇಶ ಅಲ್ಲಿಂದಲೇ "ಅಪ್ಪಾ" ಎಂದ. ತಿರುಗಿದರು.

ದಪ್ಪ ದನಿ ಉಳಿದಿತ್ತು, ಸಣ್ಣ ದನಿಯೆಲ್ಲ ಹೊರಟುಹೋಗಿತ್ತು. ನನ್ನ ದನಿ ಸಣ್ಣದು.

ಮಾವನವರು ಮಣೆಯಿಂದ ಇಳಿದು ಕುರ್ಚಿಯಲ್ಲಿ ಕುಳಿತರು. ನಮ್ಮಿಬ್ಬರ ಮುಖದಲ್ಲಿ ಎಲ್ಲ ಓದಿಕೊಂಡಿದ್ದರು. "ಕಂಬದ ಕೆಳಗ ನಿಂತು ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡೋದು ಕೇಳಿ, ಯಾವುದು ಕೆಡ್ತೈತಿ ಅಂತ ಹೇಳ್ತಿದ್ದೆ ನಾನು" ಎಂದರು. "ಕಣ್ಣು ಮಂಜಾದ್ರ ಕನ್ನಡಕ ಹಾಕ್ಕೊಂಡು ದೊಡ್ಡ ಮನಶ್ಯಾ ಆಗಬಹುದು. ಕಿವಿ ಹೋದ್ರ ಎಲ್ಲಾರೂ ದಡ್ಡ ಅಂತಾರ. ಅದಕ ಸುಮ್ಮನಿದ್ದೆ." ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ನೀನು ನನ್ನ ಕೂಡ ಮಾತ ಬಿಟ್ಟೀ ಅಂದ್ಕೊಂಡಿದ್ದೆ. ಬರ್ತಿದ್ದಿ, ಚಾ ಇಡ್ತಿದ್ದಿ, ಹೋಗ್ತಿದ್ದಿ. ಏನ್ ತಪ್ಪು ಮಾಡೀನಿ ಅಂತ ಕೇಳಾಕ ನನಗ ಧೈರ್ಯ ಆಗ್ಲಿಲ್ಲ."

ಒಂದೇ ಮನೆಯಲ್ಲಿ ಒಂದು ವರ್ಷ ನಾವಿಬ್ಬರೂ ಒಬ್ಬರನ್ನೊಬ್ಬರು ಜಂಬದವರು ಎಂದುಕೊಂಡು ಬಾಳಿದ್ದೆವು. ನಾನು ಅಡುಗೆಮನೆಗೆ ಹೋಗಿ ಚಾಕ್ಕೆ ಇಟ್ಟೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುವವರೆಗೂ ಅಲ್ಲಿಂದ ಹೊರಗೆ ಬರಲಾಗಲಿಲ್ಲ.

ಆ ವಾರವೇ ಕಿವಿ ಪರೀಕ್ಷೆಯಾಯಿತು, ಎರಡು ಪುಟ್ಟ ಯಂತ್ರಗಳು ಬಂದವು. ಕಿವಿಗೆ ಹಾಕಿಕೊಂಡ ಮೊದಲ ದಿನ ಅವರು ಮಗನಿಗೆ ಹೇಳಿದ್ದು, "ನಿನ್ನ ಹೇಣ್ತಿ ಇಷ್ಟು ಮಾತಾಡ್ತಾಳೇನೋ?"

ಮಾನಿಟರ್ ಸುಟ್ಟಿರಲಿಲ್ಲ. ಈ ಸಲ ಕಂಪ್ಯೂಟರ್ ಪೂರ್ತಿ ಎದ್ದ ಮೇಲೆ, ಮಾವನವರು ನನ್ನ ಮಾತು ಕೇಳಿ ಸ್ವಿಚ್ ಹಾಕಿದರು. ಚಿತ್ರ ಬಂತು, ಅಡ್ಡಬಿದ್ದು ಬಂತು; ಆ ಆಟ ಮಗ್ಗುಲಾಗಿ ನಿಲ್ಲಿಸಿದ ಪರದೆಗೆಂದೇ ಮಾಡಿದ್ದು. ನಾವು ಮೂವರೂ ಕತ್ತು ಓರೆ ಮಾಡಿ ಸ್ವಲ್ಪ ಹೊತ್ತು ನೋಡಿದೆವು. ಆಮೇಲೆ ಮಾನಿಟರನ್ನೇ ಆರಿಸಿ ಮಗ್ಗುಲಿಗೆ ಮಲಗಿಸಿದೆವು. ಮತ್ತೆ ಹಾಕಿದಾಗ ಹುಳುಗಳು ಮೇಲಿನಿಂದ ಸಾಲಾಗಿ ಇಳಿದು ಬಂದವು. ಕೆಳಗಿನ ಪುಟ್ಟ ವಿಮಾನ ನನ್ನ ಕೈಯಲ್ಲಿತ್ತು. ಅದು ಮೂರು ಸಲವೂ ಬಹಳ ಬೇಗ ಸತ್ತಿತು. "ಸರಿಯವಾ" ಎಂದು ಮಾವನವರು ನನ್ನನ್ನು ಎಬ್ಬಿಸಿ ತಾವು ಕುಳಿತರು. ಅಂದಿನಿಂದ ಊಟದ ಮೇಜಿನ ಆ ಕೊನೆ ಅವರದೇ ಆಯಿತು, ಪರದೆಯ ಮೇಲೆ ನಿಲ್ಲುವ ಅತಿ ಹೆಚ್ಚಿನ ಅಂಕವೂ ಅವರದೇ.

ಅಂದರೆ, ನಿನ್ನೆಯವರೆಗೆ. ನಿನ್ನೆ ಸಂಜೆ ಅವರು ವಾಕಿಂಗಿಗೆ ಹೋಗಿದ್ದಾಗ ಆ ಅಂಕವನ್ನು ನಾನು ಮೀರಿದೆ.

ಈಗ ಈ ಕೇಬಲ್ ಕೈಯಲ್ಲಿ ಹಿಡಿದೇ ಬಾಲ್ಕನಿಗೆ ಹೋದೆ. ಮಾವನವರು ಪೇಪರ್ ಓದುತ್ತಿದ್ದರು. "ಮಾವಾರೆ, ಕತ್ತರಿ ನೋಡಿದ್ರಾ?" ಎಂದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಪೇಪರ್ ಅಲುಗಲಿಲ್ಲ. ಮೆಲ್ಲಗೆ ಬಗ್ಗಿ ನೋಡಿದೆ: ಎರಡೂ ಕಿವಿಯಲ್ಲಿ ಯಂತ್ರ ಇತ್ತು. ಬ್ಯಾಟರಿ ನಾನೇ ಬೆಳಿಗ್ಗೆ ಬದಲಿಸಿ ಕೊಟ್ಟದ್ದು.

"ಸಿಟ್ಟಾ?" ಎಂದೆ.

"ಹೂಂ" ಎಂದರು ಪೇಪರಿನ ಹಿಂದಿನಿಂದ. "ಸಿಟ್ಟು."

ನನಗೆ ಎಷ್ಟು ಸಂತೋಷವಾಯಿತೆಂದರೆ, ಎದುರಿಗೆ ಒಂದು ಕುರ್ಚಿ ಎಳೆದುಕೊಂಡು ಕುಳಿತು, "ಸರಿ, ಬೈರಿ" ಎಂದೆ. ಅವರು ಪೇಪರ್ ಮಡಿಸಿಟ್ಟು, ಗಂಟಲು ಸರಿಮಾಡಿಕೊಂಡು, ಶುರುಮಾಡಿದರು.