ತೇಲಬಾರದ ಲಾರಿ

ಕಾರ್ಕಳದಿಂದ ಘಟ್ಟದ ಬುಡಕ್ಕೆ ಹೋಗುವ ದಾರಿ ಜೂನ್ ತಿಂಗಳಲ್ಲಿ ಹೊಳೆಯ ಬದಿಗೆ ಬಂದು ಮುಗಿಯುತ್ತದೆ. ಜನ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ, ಆಚೆ ದಡದಲ್ಲೂ ಇದ್ದಾರೆ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿಲ್ಲದಿದ್ದರೆ ತಪ್ಪು ಆಚೆ ದಡದವರದ್ದಲ್ಲ.

ಆಚೆಯ ಊರು ಬಾಳೆಹಿತ್ಲು. ಎಪ್ಪತ್ತೇಳನೇ ಇಸವಿಯ ಮಳೆಗಾಲದಲ್ಲಿ ಅಲ್ಲಿ ಗಂಟಲಮಾರಿ ಬಂದು ಮೂರು ಮಕ್ಕಳು ತೀರಿಕೊಂಡವು. ಮದ್ದು ಕಾರ್ಕಳದಲ್ಲಿತ್ತು, ಡಾಕ್ಟರೂ ಕಾರ್ಕಳದಲ್ಲಿದ್ದರು, ನಡುವೆ ಹೊಳೆ ಇತ್ತು. ಆ ಡಾಕ್ಟರ್ ಪ್ರಭಾವತಿ, ಮಣಿಪಾಲದಲ್ಲಿ ಕಲಿತು ಕಾರ್ಕಳದಲ್ಲಿ ಸಣ್ಣ ಕ್ಲಿನಿಕ್ ಇಟ್ಟವರು. ಮರುವರ್ಷ ಮಿಲಿಟರಿಯವರು ಹರಾಜು ಹಾಕಿದ ಹಳೇ ಡಾಜ್ ಲಾರಿಯೊಂದನ್ನು ತರಿಸಿ ಮೆಕ್ಯಾನಿಕ್ ಜೋಕಿಮ್‌ನ ಗ್ಯಾರೇಜಿನೆದುರು ನಿಲ್ಲಿಸಿ, "ಇದು ಮಳೆಗಾಲದಲ್ಲಿ ಹೊಳೆ ದಾಟಿ ನಾಲ್ಕು ದಿನ ಘಟ್ಟದ ಬುಡದಲ್ಲಿ ತಿರುಗಬೇಕು. ನಾನು ಅದರಲ್ಲೇ ಮಲಗುವುದು, ಅದರಲ್ಲೇ ಸೂಜಿ ಚುಚ್ಚುವುದು" ಎಂದರು.

ನಾಲ್ಕೂ ಚಕ್ರ ಎಳೆಯುವ ಲಾರಿ ಅದು. ಜೋಕಿಮ್ ಎಂಜಿನ್ ಬಿಚ್ಚಿ ಕಟ್ಟಿದ, ನೀರು ಹೋಗದಂತೆ ಹೊಗೆಯ ಕೊಳವೆಯನ್ನು ಲಾರಿಯ ಮಾಡಿನವರೆಗೆ ಎತ್ತಿದ. ಆದರೆ ಹಿಂದಿನ ಮರದ ಬಾಡಿಯದ್ದೇ ಗೋಳಾಯಿತು. ಇಬ್ಬರು ಬಡಗಿಗಳು ಕಟ್ಟಿದರು, ಎರಡು ಸಲವೂ ಸೋರಿತು. ನೀರು ಬರಬಾರದು ಎಂದಾದರೆ ಲಾರಿ ಕಟ್ಟುವವನನ್ನಲ್ಲ, ದೋಣಿ ಕಟ್ಟುವವನನ್ನು ಹಿಡಿಯಬೇಕು ಎಂದು ಜೋಕಿಮ್‌ಗೆ ಹೊಳೆಯಿತು. ಲಾರಿಯನ್ನು ಸೀದಾ ಮಲ್ಪೆಗೆ ಓಡಿಸಿದ.

ಮಲ್ಪೆಯಲ್ಲಿ ಉಮಾನಾಥ ಮೇಸ್ತ್ರಿ ಎಂದರೆ ಒಂದು ಗಾದೆಯೇ ಇತ್ತು: ಉಮಾನಾಥನ ದೋಣಿಗೆ ನೀರು ಮೊಗೆಯುವ ತಂಬಿಗೆ ಬೇಡ. ಮನೆ ಕಾಪುವಿನಲ್ಲಿ, ಕೆಲಸ ಮಲ್ಪೆಯಲ್ಲಿ. ಮರದ್ದು ಏನೇ ಕಂಡರೂ ಅದರ ಸಂದಿಯ ಮೇಲೆ ಹೆಬ್ಬೆರಳು ಎಳೆದು ನೋಡುವ ಚಾಳಿ ಅವರಿಗೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಬೆಂಚಿನ ಸಂದಿ ಮುಟ್ಟುತ್ತಿದ್ದರು. "ಇವರು ನನ್ನನ್ನು ನೋಡಲಿಕ್ಕೆ ಬಂದಾಗ ಕೂಡ ನಮ್ಮ ಮನೆಯ ಬಾಗಿಲನ್ನೇ ನೋಡಿದ್ದು" ಎಂದು ಹೆಂಡತಿ ಸುಗಂಧಿ ನೆಂಟರೆದುರು ಹೇಳಿ ನಗುತ್ತಿದ್ದರು.

"ಚಕ್ರ ಇರುವ ದೋಣಿ ನಾನು ಕಟ್ಟಿಲ್ಲ, ಪೊರ್ಬುಗಳೇ" ಎಂದರು ಮೇಸ್ತ್ರಿ, ಕರಾವಳಿಯಲ್ಲಿ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವ ಹಾಗೆ.

"ದೋಣಿ ಅಲ್ಲ ಮಾರಾಯ್ರೇ, ಲಾರಿ. ಒಳಗೆ ನೀರು ಬರಬಾರದು, ಅಷ್ಟೇ."

"ಅಷ್ಟೇ ಅಂತೆ! ಅದೊಂದನ್ನು ಕಲೀಲಿಕ್ಕೆ ನನಗೆ ಮೂವತ್ತು ವರ್ಷ ಹಿಡಿದಿದೆ."

ಬೈಯುತ್ತಲೇ ಒಪ್ಪಿಕೊಂಡರು. ಹೆಬ್ಬಲಸಿನ ಹಲಗೆ ಹಾಕಿದರು. ಸಂದಿಸಂದಿಗೂ ಹತ್ತಿಯ ನೂಲು ಬಡಿದು, ಎಣ್ಣೆಯಲ್ಲಿ ಕುದಿಸಿದ ರಾಳ ತುಂಬಿ, ಮೇಲಿಂದ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದರು. ಮಲಗಲಿಕ್ಕೆ ಎರಡು ಅಟ್ಟಣೆ, ಮದ್ದಿನ ಬಾಟಲಿ ಉರುಳದಂತೆ ಅಂಚು ಕಟ್ಟಿದ ಹಲಗೆ, ಲಸಿಕೆಯ ಜೊತೆ ಮಲ್ಪೆಯ ಮಂಜುಗಡ್ಡೆ ಇಡಲಿಕ್ಕೆ ಮರದ ಹುಡಿ ತುಂಬಿದ ಜೋಡಿಗೋಡೆಯ ಪೆಟ್ಟಿಗೆ. ಹಿಂದಿನ ಬಾಗಿಲನ್ನು ಸೊಂಟದೆತ್ತರದಲ್ಲಿ ಇಟ್ಟು, ಹತ್ತಲಿಕ್ಕೆ ಏಣಿ ಕೊಟ್ಟರು. ಯಾಕೆಂದು ಕೇಳಿದ್ದಕ್ಕೆ, "ದೋಣಿಗೆ ಕೆಳಗೆ ಬಾಗಿಲು ಇಡುವುದನ್ನು ಎಲ್ಲಿ ನೋಡಿದ್ದೀರಿ?" ಎಂದರು. ಕೊನೆಗೆ ಒಳಗೆ ಮೊಣಕಾಲೆತ್ತರ ನೀರು ತುಂಬಿಸಿ ಒಂದು ದಿನ ಬಿಟ್ಟು, ಹೊರಗಿನಿಂದ ಸಂದಿಸಂದಿಗೂ ಬೆರಳಾಡಿಸಿದರು. ಬೆರಳು ಒಣಗಿಯೇ ಇತ್ತು.

ಜುಲೈಯಲ್ಲಿ ಡಾಕ್ಟರನ್ನು ಹೊತ್ತು ಲಾರಿ ಮೊದಲ ಸಲ ಹೊರಟಿತು. ಕಡಲು ಬಿಟ್ಟು ಹತ್ತು ಮೈಲಿ ದೂರ ಹೋಗದ ಮೇಸ್ತ್ರಿ, ಹತಾರದ ಚೀಲ ಹೆಗಲಿಗೆ ಹಾಕಿಕೊಂಡು ತಾವೂ ಹತ್ತಿದರು.

"ನಿಮಗೆಂತ ಕೆಲಸ ಉಂಟು ಅಲ್ಲಿ?" ಎಂದು ಸುಗಂಧಿ ಕೇಳಿದರು.

"ದೋಣಿ ನೀರಿಗಿಳಿಯುವಾಗ ಕಟ್ಟಿದವನು ಎದುರಿಗೆ ಇರಬೇಕು."

"ಲಾರಿ ಅಂತ ಹೇಳಿ, ದೋಣಿ ಅಲ್ಲ."

ಬಾಳೆಹಿತ್ಲು ಹೊಳೆ ಕೆಂಪಾಗಿ ಹರಿಯುತ್ತಿತ್ತು. ಆಚೆ ದಡದಲ್ಲಿ ಮಳೆಗೆ ಎಲೆಯ ಗೊರಬು ಸೂಡಿಕೊಂಡ ತಾಯಂದಿರು ಮಕ್ಕಳನ್ನು ಸೊಂಟದಲ್ಲಿ ಇಟ್ಟುಕೊಂಡು ಕಾಯುತ್ತಿದ್ದರು. ಪೆಟ್ಟಿಗೆಯ ಮಂಜುಗಡ್ಡೆ ಮರುದಿನಕ್ಕೆ ಕರಗುತ್ತದೆ, ಕರಗಿದರೆ ಲಸಿಕೆ ಹಾಳು. ಇವತ್ತು ದಾಟದಿದ್ದರೆ ಈ ಮಳೆಗಾಲವೂ ಹೋದ ವರ್ಷದ ಹಾಗೆಯೇ. ಜೋಕಿಮ್ ಎಂಜಿನ್‌ಗೆ ನೀರು ಎರಚದಂತೆ ಫ್ಯಾನ್ ಬೆಲ್ಟ್ ಬಿಚ್ಚಿ, ಶಿಲುಬೆಯ ಗುರುತು ಮಾಡಿಕೊಂಡು ಲಾರಿಯನ್ನು ಹೊಳೆಗೆ ಇಳಿಸಿದ.

ಅರ್ಧ ಹೊಳೆ ಚೆನ್ನಾಗಿಯೇ ಹೋಯಿತು. ಆಮೇಲೆ ನೀರು ಬಾಡಿಯ ಮಟ್ಟಕ್ಕೆ ಬಂತು. ಹಿಂಭಾಗ ಮೆಲ್ಲಗೆ ಎದ್ದಿತು. ಹಿಂದಿನ ಚಕ್ರಗಳು ಕಲ್ಲು ಬಿಟ್ಟು ನೀರಿನಲ್ಲಿ ಸುಮ್ಮನೆ ತಿರುಗಿದವು. ಲಾರಿಯ ಬಾಲ ಹರಿವಿನ ಜೊತೆ ಪಕ್ಕಕ್ಕೆ ಹೊರಳಿ, ಒಂದು ಬಂಡೆಗೆ ತಾಗಿ ನಿಂತಿತು.

"ಮೇಸ್ತ್ರೀ!" ಜೋಕಿಮ್ ಮುಂದಿನಿಂದ ಬೊಬ್ಬೆ ಹೊಡೆದ. "ಇದೆಂತ ಮಾಡಿಟ್ಟಿದ್ದೀರಿ? ಲಾರಿ ತೇಲ್ತಾ ಉಂಟು!"

ಹಿಂದೆ ಕೂತಿದ್ದ ಮೇಸ್ತ್ರಿಯ ಮುಖ ಒಂದು ಗಳಿಗೆ ಅರಳಿತ್ತು. ನೆಲದ ಹಲಗೆ ಮುಟ್ಟಿ ನೋಡಿದರು. ಒಂದು ಹನಿ ಇಲ್ಲ! ಮರುಗಳಿಗೆಯಲ್ಲಿ ಬಂಡೆ ಮರವನ್ನು ಉಜ್ಜುವ ಸದ್ದು ಕೇಳಿತು, ಆಚೆ ದಡದ ಹೆಂಗಸರ ಕೂಗು ಕೇಳಿತು. ಮುಖ ಇಳಿಯಿತು. ನೀರು ಒಳಗೆ ಬಂದರೆ ಲಾರಿ ಕೂರುತ್ತದೆ, ಕೂತರೆ ಚಕ್ರ ಕಚ್ಚುತ್ತದೆ. ಒಂದು ಹನಿಯೂ ಬಾರದಂತೆ ಮಾಡಿದವರು ತಾವೇ.

ಚೀಲದಿಂದ ಬೈರಿಗೆ ತೆಗೆದರು. ಅದರ ಮೊನೆಯನ್ನು ಹಲಗೆಯ ಮೇಲಿಟ್ಟು ಹಾಗೆಯೇ ಕೂತರು. ಕೈ ತಿರುಗಲಿಲ್ಲ.

ಡಾಕ್ಟರ್ ಮದ್ದಿನ ಪೆಟ್ಟಿಗೆಗಳನ್ನು ಅಟ್ಟಣೆಗೆ ಏರಿಸುತ್ತಿದ್ದವರು ತಿರುಗಿ ನೋಡಿದರು. "ಹೆದರಬೇಡಿ ಮೇಸ್ತ್ರಿ. ಚೆನ್ನಾಗಿರುವ ಮೈಗೆ ತೂತು ಮಾಡುವವಳೇ ನಾನು ಕೂಡ. ಒಳ್ಳೆಯದಕ್ಕೆ ಅಲ್ವಾ?"

ಮೇಸ್ತ್ರಿ ಕೊರೆದರು. ಒಂದು, ಎರಡು, ಮೂರು, ನಾಲ್ಕು. ಕೆಂಪು ನೀರು ಚಿಲುಮೆಯ ಹಾಗೆ ಚಿಮ್ಮಿ ಪಾದ ಮುಳುಗಿತು, ಮೊಣಕಾಲಿಗೆ ಬಂತು. ಲಾರಿ ಎಮ್ಮೆಯಂತೆ ನಿಧಾನಕ್ಕೆ ತಳಕ್ಕೆ ಕೂತಿತು. ಚಕ್ರ ಕಲ್ಲು ಕಚ್ಚಿತು. ಜೋಕಿಮ್ ಗೇರ್ ಹಾಕಿ, ತನಗೆ ಗೊತ್ತಿದ್ದ ಬೈಗುಳಗಳನ್ನೂ ಪ್ರಾರ್ಥನೆಗಳನ್ನೂ ಒಟ್ಟಿಗೆ ಹೇಳುತ್ತ ಆಚೆ ದಡ ಹತ್ತಿಸಿದ.

ಆ ದಿನ ನಲವತ್ತೆರಡು ಮಕ್ಕಳಿಗೆ ಸೂಜಿ ಬಿತ್ತು. ಮಕ್ಕಳ ಅಳುವಿನ ನಡುವೆ ಮೇಸ್ತ್ರಿ ಏಣಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಹೆಬ್ಬಲಸಿನ ಚೂರಿನಿಂದ ನಾಲ್ಕು ಬಿರಡೆ ಕೆತ್ತಿದರು. ಬಟ್ಟೆ ಸುತ್ತಿ, ಕಳೆದುಹೋಗದಂತೆ ಒಂದೊಂದಕ್ಕೂ ಹುರಿ ಕಟ್ಟಿದರು. ಮಳೆಯಲ್ಲಿ ರಸ್ತೆಯ ನೀರು ಎರಚದಂತೆ ಬಿರಡೆ ಹಾಕುವುದು, ಹೊಳೆ ದಾಟುವಾಗ ತೆಗೆಯುವುದು. ಒಂದೊಂದನ್ನೂ ತೂತಿಗೆ ಒತ್ತಿ ಸುತ್ತ ಹೆಬ್ಬೆರಳು ಎಳೆದರು. "ಹೂಂ. ಸೋರುವುದಿಲ್ಲ" ಎಂದರು.

ಕಾಪುವಿಗೆ ಸುದ್ದಿ ಅವರಿಗಿಂತ ಮೊದಲೇ ಮುಟ್ಟಿತ್ತು. "ಬಂದರು ನೋಡಿ, ತೂತಿನ ಮೇಸ್ತ್ರಿ!" ಎಂದು ಸುಗಂಧಿ ಬಾಗಿಲಲ್ಲೇ ನಕ್ಕರು. ಆಮೇಲೆ ಬಿಸಿನೀರು ಕಾಯಿಸಿ ಕೊಟ್ಟು, ಮಕ್ಕಳೆಲ್ಲ ಹೇಗಿದ್ದಾರೆಂದು ಕೇಳಿದರು.

ಈಗ ಎಂಬತ್ತೆಂಟನೇ ಇಸವಿ. ಹತ್ತು ವರ್ಷದಿಂದ ಪ್ರತಿ ಮೇ ತಿಂಗಳಲ್ಲಿ ಮೇಸ್ತ್ರಿ ಕಾರ್ಕಳದ ಬಸ್ಸು ಹತ್ತುತ್ತಾರೆ, ಹೊಸ ಬಿರಡೆ ಕೆತ್ತಿ ಕೊಟ್ಟು ಬರುತ್ತಾರೆ. ಹತ್ತು ವರ್ಷದಲ್ಲಿ ಬಾಳೆಹಿತ್ಲಿನಲ್ಲಿ ಗಂಟಲಮಾರಿಗೆ ಒಂದು ಮಗುವೂ ಹೋಗಿಲ್ಲ. ಅದೇ ಹತ್ತು ವರ್ಷದಲ್ಲಿ ಹೊಳೆಗೆ ಸೇತುವೆ ಕಟ್ಟುತ್ತೇವೆಂಬ ಭಾಷಣಗಳು ಎಷ್ಟಾದವೋ ಲೆಕ್ಕವಿಲ್ಲ. ಮೇಸ್ತ್ರಿಗೆ ಭಾಷಣ ಬಾರದು, ಹತಾರದ ಕೆಲಸ ಬರುತ್ತದೆ. ತಮ್ಮ ಹೆಸರಿನ ಮರ್ಯಾದೆಯನ್ನು ಬೈರಿಗೆಯಿಂದ ತಾವೇ ಕೊರೆದುಕೊಂಡವರು ಈ ಕಥೆಯಲ್ಲಿ ಅವರೊಬ್ಬರೇ. ಭಾಷಣ ಮಾಡಿದವರ ಮರ್ಯಾದೆಗೆ ಒಂದು ಹನಿ ನೀರೂ ತಾಗಿಲ್ಲ.

ಮೇಸ್ತ್ರಿಗೂ ವಯಸ್ಸಾಯಿತು. ಈ ಮೇ ತಿಂಗಳಲ್ಲಿ ಬಿರಡೆ ಕೆತ್ತುವಾಗ ಉಳಿ ಎರಡು ಸಲ ಜಾರಿತಂತೆ. ಹಾಗಾಗಿ ನೀವು, ಇದನ್ನು ಓದುತ್ತಿರುವವರು, ಇಷ್ಟಾದರೂ ಮಾಡಿ. ಮುಂದಿನ ಸಲ ಓಟು ಕೇಳಿಕೊಂಡು ಬಂದವನಿಗೆ ಚಾ ಕೊಡಬೇಡಿ. ಜುಲೈಯಲ್ಲಿ ಬಾಳೆಹಿತ್ಲು ಹೊಳೆಗೆ ಕರೆದುಕೊಂಡು ಹೋಗಿ, ಆ ಲಾರಿಗೆ ಹತ್ತಿಸಿ, ನಾಲ್ಕೂ ಬಿರಡೆಗಳನ್ನು ಅವನ ಕೈಯಿಂದಲೇ ತೆಗೆಸಿ. ನೀರು ಮೊಣಕಾಲಿಗೆ ಬಂದಾಗ ಸೇತುವೆ ಯಾವಾಗ ಎಂದು ಕೇಳಿ. ಉತ್ತರ ಸಿಗುವವರೆಗೆ ಅವನನ್ನು ಇಳಿಯಲು ಬಿಡಬೇಡಿ.