ತಡಕ್ಕೆ ಮಾಫಿ

ಬೆಳಗ್ಗೆ ಮೇಜಿನ ಖಾನೆ ತೆಗೆದರೆ ಹಳೆಯ ವೈಟ್ನರ್ ಬಾಟಲಿ ಸಿಕ್ಕಿತು. ಒಳಗಿನದು ಒಣಗಿದೆ, ವಾಸನೆ ಒಣಗಿಲ್ಲ. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದವಳು ನಾನೊಬ್ಬಳೇ, ನೋಡಿ. ಅಪ್ಪ ದಾಂಡೇಲಿಯ ಗಿರಣಿಯಲ್ಲಿ ಮೂವತ್ತು ವರ್ಷ ಕಾಗದ ಹೊತ್ತರು. ಅದರ ಮೇಲೆ ಬರೆಯುವ ಕೆಲಸ ನನಗೆ ಬಂತು. ಓಣಿಯವರ ಅರ್ಜಿಗಳೆಲ್ಲ ನನ್ನವೇ. ಒಂದಕ್ಷರ ತಪ್ಪಿದರೂ ವೈಟ್ನರ್ ಹಚ್ಚುತ್ತಿದ್ದೆ.

ಮರಿಯಾಕ್ಕನ ಅರ್ಜಿಯೂ ಹಾಗೇ ಬಂತು. ಹಳಿಯಾಳದ ಕಡೆಯ ಸಿದ್ದಿ ಜನಾಂಗದ ಕ್ರೈಸ್ತ ಹೆಂಗಸು, ನಮ್ಮ ಓಣಿಯಲ್ಲಿ ಖಾನಾವಳಿ ನಡೆಸುತ್ತಾಳೆ. ಡಿಗ್ರಿ ಪರೀಕ್ಷೆಗೆ ನಾನು ಓದಿದ್ದು ಅವಳ ಕಟ್ಟೆಯ ಮೇಲೆ. ಹತ್ತು ವರ್ಷದವಳಿದ್ದಾಗ ಊರಿನ ಪಾದ್ರಿ ತನ್ನನ್ನು ಕೆಟ್ಟದಾಗಿ ಮುಟ್ಟಿದ್ದನ್ನು, ನಲವತ್ತರ ವಯಸ್ಸಿನಲ್ಲಿ, ರೊಟ್ಟಿ ಬಡಿಯುತ್ತಲೇ ಹೇಳಿದಳು. ಆತ ಈಗಲೂ ಎಲ್ಲೋ ಮಕ್ಕಳಿಗೆ ಪಾಠ ಹೇಳುತ್ತಾನೆಂದು ಅವಳಿಗೆ ಆ ವಾರ ಗೊತ್ತಾಗಿತ್ತು.

ಇಬ್ಬರೂ ವಕೀಲರ ಬಳಿ ಹೋದೆವು.

"ಮಕ್ಕಳ ಸಲುವಾಗಿ ಈಗಿರೋ ಕಾಯ್ದೆದಾಗ ಫಿರ್ಯಾದಿ ಕೊಡಾಕ ಮುದತ್ತಿಲ್ಲರಿ. ಆದ್ರ ಆಗ ಈ ಕಾಯ್ದೆನ ಇರಲಿಲ್ಲ. ನೀವು ಹೇಳೂದಕ್ಕ ಹಳೇ ಕಲಮಿನಾಗ ಮೂರು ವರ್ಷದ ಮುದತ್ತು ಅಷ್ಟ."

ಅಂದರೆ ಹದಿಮೂರು ತುಂಬುವುದರೊಳಗೆ ಅವಳು ಬಸ್ಸು ಹತ್ತಿ ಕೋರ್ಟಿಗೆ ಬರಬೇಕಿತ್ತು. ಆಗ ಅವಳ ಊರಿಗೆ ಬಸ್ಸಿರಲಿಲ್ಲ. ಮೂರು ವರ್ಷದ ಆ ಹಳೇ ಕಾಯ್ದೆ ಮಾತ್ರ ಹೇಗೋ ತಲುಪಿತ್ತು.

"ಒಂದು ದಾರಿ ಐತಿ," ಎಂದರು ವಕೀಲರು. "ತಡಾ ಮಾಫಿ ಮಾಡ್ರಿ ಅಂತ ಅರ್ಜಿ ಕೊಡೂಣು. ಕಾರಣ ಒಪ್ಪಿಗ್ಯಾದ್ರ ಕೋರ್ಟು ಕೇಸು ತಗೋತೈತಿ."

ಅಲ್ಲೇ ಕೂತು ನನ್ನ ಚೆಂದದ ಅಕ್ಷರದಲ್ಲಿ ಬರೆದೆ: 'ವಿಳಂಬವನ್ನು ಮನ್ನಿಸಬೇಕೆಂದು ವಿನಮ್ರವಾಗಿ ಬೇಡಿಕೊಳ್ಳುತ್ತೇನೆ.' ಓದಿಯೂ ಹೇಳಿದೆ, ಸ್ವಲ್ಪ ಗತ್ತಿನಿಂದಲೇ.

"ಮಾಫಿ ನಾ ಕೇಳಬೇಕೇನವಾ?" ಎಂದಳು ಮರಿಯಾಕ್ಕ.

"ಅದು ಬರೇ ಕೋರ್ಟಿನ ಭಾಷಾ, ಅಕ್ಕಾ."

"ನಾ ತಡಾ ಮಾಡೇ ಇಲ್ಲ. ಅಂವ ಮುಟ್ಟಿದ ಅದ ವಾರ ಬ್ಯಾರೆ ಫಾದರ್ ಬಂದಿದ್ರು. ಪಾಪನಿವೇದನೆಗೆ ಕುಂತಾಗ ಎಲ್ಲಾ ಹೇಳೇನಿ. ಫಿರ್ಯಾದಿ ಕೊಟ್ಟಂಗ ಆತು ಅಂತ ತಿಳಕೊಂಡಿದ್ದೆ. ದೇವರ ಹತ್ರ ಮಾಫಿ ಕೇಳು ಅಂದು ಐದು ಜಪ ಹೇಳಿಸಿದ್ರು. ಕೇಳೇನಿ. ಎರಡನೇ ಸಲ ಕೇಳೂದಿಲ್ಲ."

ಪಾಪನಿವೇದನೆಯೆಂದರೆ ಮಾಡಿದ ಪಾಪವನ್ನು ಪಾದ್ರಿಯ ಕಿವಿಗೆ ಹಾಕಿ ಕ್ಷಮೆ ಪಡೆಯುವುದು. ಅಲ್ಲಿ ಹೇಳಿದ್ದು ಅಲ್ಲೇ ಉಳಿಯಬೇಕೆಂಬ ನಿಯಮವಿದೆ. ಅದನ್ನು ಚೆನ್ನಾಗಿಯೇ ಪಾಲಿಸಿದ್ದರು.

"ಇದನ್ನ ಮೊದಲ ಹೇಳಬೇಕಿಲ್ಲರಿ?" ಎಂದರು ವಕೀಲರು.

"ಮೊದಲ ಹೇಳೇನಲ್ರಿ. ಮೂವತ್ತು ವರ್ಷದ ಹಿಂದ."

ಮನ್ನಿಸಬೇಕೆಂಬ ಆ ಸಾಲಿಗೆ ವೈಟ್ನರ್ ಹಚ್ಚದೆ ಪೆನ್ನಿನಿಂದ ಗೆರೆ ಎಳೆದೆ. ಕೆಳಗೆ ಬರೆದೆ: 'ನನ್ನಿಂದ ವಿಳಂಬವಾಗಿಲ್ಲ. ಅದೇ ವಾರ ಹೇಳಿದ್ದೇನೆ. ಕೇಳಿದವರು ಸುಮ್ಮನಿದ್ದರು.' ಮರಿಯಾಕ್ಕ ಸಹಿ ಹಾಕಿದಳು.

ಈಗ ಯಾರು ಅರ್ಜಿ ಬರೆಸಲು ಬಂದರೂ, ಮೊದಲು ಯಾರಿಗೆ ಹೇಳಿದ್ದಿರಿ ಎಂದು ಕೇಳಿಯೇ ಪೆನ್ನು ತೆಗೆಯುತ್ತೇನೆ. ಮರಿಯಾಕ್ಕನ ಅರ್ಜಿ ಇನ್ನೂ ಕೋರ್ಟಿನಲ್ಲಿದೆ. ತಾರೀಕು ಮತ್ತೆ ಮತ್ತೆ ಮುಂದೆ ಹೋಗಿದೆ. ಆ ತಡಕ್ಕೆ ಇದುವರೆಗೆ ಯಾರೂ ಅವಳ ಮಾಫಿ ಕೇಳಿಲ್ಲ.