ಬದನೆಕಾಯಿ ಪಲ್ಯದ ಸುಳ್ಳು

ನನ್ನ ಮಗಳು ಸೈನ್ಯದಲ್ಲಿ ಎಂಜಿನಿಯರ್ ಅಧಿಕಾರಿ. ಈಗ ಶಾಂತಿಪಾಲನಾ ಪಡೆಯ ಜೊತೆ ಆಫ್ರಿಕಾದ ಒಂದು ದೇಶದಲ್ಲಿದ್ದಾಳೆ. ರಸ್ತೆ ಹಾಕಿಸುವುದು, ಮುರಿದ ಸೇತುವೆಗಳನ್ನು ಸರಿಪಡಿಸುವುದು ಅವಳ ಕೆಲಸ. ನಾನು ಎಸ್ಸೆಸ್ಸೆಲ್ಸಿ ಓದಿ ರಾಜಾಜಿನಗರದ ವರ್ಕ್‌ಶಾಪ್ ಒಂದರಲ್ಲಿ ಫಿಟ್ಟರ್ ಆಗಿದ್ದವನು. ಅವಳ ಕೆಲಸ ನನಗೆ ಅರ್ಧಂಬರ್ಧ ಅರ್ಥವಾಗುತ್ತದೆ. ಅಲ್ಲಿನ ಅಪಾಯ ಮಾತ್ರ ಪೂರ್ತಿ ಅರ್ಥವಾಗುತ್ತದೆ.

ಹೊರಡುವ ದಿನ ವಿಜಯನಗರದ ನಮ್ಮ ಮನೆಯ ಗೇಟಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದಳು.

“ಅಪ್ಪಾ, ಹುಷಾರಾಗಿದ್ಯಾ ಅಂತ ದಿನಾ ಕೇಳ್ಬೇಡಿ. ಊಟ ಆಯ್ತಾ ಅಂತ ಕೇಳಿ, ಸಾಕು. ಕ್ಯಾಂಪಿಗೆ ವಾಪಸ್ ಬಂದಿದ್ರೆ ಆಯ್ತು ಅಂತೀನಿ. ಹೊರಗಡೆ ಇದ್ರೆ ಇನ್ನೂ ಇಲ್ಲ ಅಂತೀನಿ. ಅಮ್ಮಂಗೆ ಹೇಳ್ಬೇಡಿ. ನಾನು ಆಫೀಸಲ್ಲೇ ಕೂತಿರ್ತೀನಿ ಅಂದ್ಕೊಂಡಿದಾಳೆ.”

ಹಾಗೇ ನಡೆಯಿತು. ಅವಳ ದಿನಚರಿ ಎಂದರೆ, ಬೆಳಿಗ್ಗೆ ಎದ್ದು ಯಂತ್ರಗಳಿಗೆ ಡೀಸೆಲ್ ಹಾಕಿಸಿ, ಕಾವಲಿನವರ ಜೊತೆ ಹೊರಟರೆ ದಿನವಿಡೀ ಕೆಸರಿನಲ್ಲಿ ನಿಲ್ಲುವುದು. “ನೆನ್ನೆ ಹಾಕಿದ್ ರಸ್ತೆನ ಇವತ್ತು ಹುಡುಕ್ಬೇಕಪ್ಪಾ, ಅಂಥಾ ಎರೆಮಣ್ಣು” ಅನ್ನುತ್ತಿದ್ದಳು. “ನಮ್ ಬೀದಿಲೂ ಹಂಗೇ ಕಣೇ, ಎರೆಮಣ್ಣೂ ಬೇಕಾಗಿಲ್ಲ” ಅಂದರೆ ನಗುತ್ತಿದ್ದಳು. ಇನ್ನೂ ಇಲ್ಲ ಎಂಬ ಉತ್ತರ ಬಂದ ದಿನ ನನ್ನ ಹೆಂಡತಿ, “ಹೊತ್ತಿಗೆ ಸರಿಯಾಗಿ ತಿನ್ನಲ್ಲ ಇವಳು” ಎಂದು ಬೈದುಕೊಳ್ಳುವಳು. ನಾನು ಹೂಂಗುಟ್ಟುತ್ತಿದ್ದೆ.

ಅಲ್ಲಿ ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಇನ್ನೂ ಇಲ್ಲ ಎಂದು ಮೆಸೇಜ್ ಬಂತು. ಆಮೇಲೆ ಏನೂ ಬರಲಿಲ್ಲ. ಸಂಜೆ ಮತ್ತೆ ಕೇಳಿದೆ. ಮೊಬೈಲಿನಲ್ಲಿ ನನ್ನ ಪ್ರಶ್ನೆಯ ಪಕ್ಕ ಒಂದೇ ಟಿಕ್ ನಿಂತಿತು, ಅವಳಿಗೆ ತಲುಪಿಲ್ಲ ಅಂತ.

“ಏನಂದ್ಲು? ಊಟ ಆಯ್ತಂತಾ?” ಹೆಂಡತಿ ಅಡುಗೆಮನೆಯಿಂದ ಕೇಳಿದಳು.

“ಆಯ್ತಂತೆ” ಅಂದುಬಿಟ್ಟೆ.

ಆ ಮಾತಿನ ನೆಮ್ಮದಿಯಲ್ಲಿ ಅವಳು ಮುದ್ದೆ, ಸೊಪ್ಪಿನ ಸಾರು ಉಂಡಳು. ನಾನು ಮುದ್ದೆ ಮುರಿಯದೆ ತಟ್ಟೆ ಪಕ್ಕಕ್ಕಿಟ್ಟೆ. ಗ್ಯಾಸ್ಟ್ರಿಕ್ ಅಂದೆ. ಮರುದಿನ ಮೆಟ್ರೋ ನಿಲ್ದಾಣದವರೆಗೂ ನಡೆದು ಹೋಗಿ, ಅಲ್ಲಿಯಾದರೂ ಸಿಗ್ನಲ್ ಚೆನ್ನಾಗಿರಬಹುದೆಂದು ಮೊಬೈಲ್ ಎತ್ತಿ ಹಿಡಿದು ನಿಂತೆ. ಸಿಗ್ನಲ್ ಇಲ್ಲದ್ದು ನನ್ನ ಕಡೆ ಅಲ್ಲ ಎಂದು ಗೊತ್ತಿದ್ದೂ ನಿಂತೆ. ಮನೆಗೆ ಬಂದಾಗ ಹೆಂಡತಿ ಮತ್ತೆ ಕೇಳಿದಳು. ಬರೀ ಆಯ್ತು ಅಂದರೆ ನಂಬುವುದಿಲ್ಲವೇನೋ ಎನ್ನಿಸಿ ಸುಳ್ಳಿಗೆ ಒಗ್ಗರಣೆ ಹಾಕಿದೆ.

“ಚಪಾತಿ, ಬದನೆಕಾಯಿ ಪಲ್ಯ ಅಂತೆ.”

ಅವಳು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. “ಅವಳು ಬದನೆಕಾಯಿ ಮುಟ್ಟಲ್ವಲ್ರೀ. ತಿಂದ್ರೆ ಮೈಯೆಲ್ಲಾ ದದ್ದು ಏಳುತ್ತೆ.”

ಮೂವತ್ತು ದಾಟಿದ ಮಗಳು ಏನು ತಿನ್ನುವುದಿಲ್ಲ ಎಂಬುದೇ ಅಪ್ಪನಾದ ನನಗೆ ನೆನಪಿರಲಿಲ್ಲ. ಹೆಂಡತಿ ಕೈ ಚಾಚಿದಳು, ಮೊಬೈಲ್ ಕೊಟ್ಟೆ. ಆ ಒಂದು ಟಿಕ್ಕನ್ನು ಬಹಳ ಹೊತ್ತು ನೋಡಿದಳು. ಗೇಟಿನ ಹತ್ತಿರ ಆದ ಮಾತನ್ನೆಲ್ಲಾ ಹೇಳಿದೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ.

“ನೆನ್ನೆ ಹೊಟ್ಟೆ ತುಂಬಾ ಉಂಡೆನಲ್ರೀ ನಾನು” ಅಂದಳು, ಅಷ್ಟೇ. ಮುಚ್ಚಿಟ್ಟಿದ್ದಕ್ಕೆ ಅವಳ ಬಿಪಿಯ ನೆಪ ಹೇಳಬಹುದಿತ್ತು. ಆದರೆ ನಿಜ ಅದಲ್ಲ. ಅವಳು ಅಳುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ತಾಯಿಯ ಪಾಲಿನ ಆತಂಕವನ್ನು ಕದ್ದು ಇಟ್ಟುಕೊಂಡು, ಅದನ್ನು ಉಪಕಾರ ಅಂದುಕೊಂಡಿದ್ದೆ.

ಮಾರನೆಯ ದಿನ ಬೆಳಿಗ್ಗೆ ಕರೆ ಬಂತು. “ಊಟ ಆಯ್ತಪ್ಪಾ.” ಹೊಳೆಗೆ ನೀರು ಬಂದು ರಸ್ತೆ ಕೊಚ್ಚಿಹೋಗಿ, ಆಚೆ ದಡದಲ್ಲೇ ಉಳಿಯಬೇಕಾಗಿತ್ತಂತೆ. ಹೆಂಡತಿ ಮೊಬೈಲ್ ಕಿತ್ತುಕೊಂಡಳು.

“ಊಟ ಹಾಳಾಗ್ಲಿ. ಕ್ಯಾಂಪಿಗೆ ಬಂದ್ಯಾ?”

“ಬಂದೆ ಅಮ್ಮಾ. ಅಪ್ಪ ಹೇಳ್ಬಿಟ್ರಾ?”

“ಎಲ್ಲಿ ಹೇಳ್ತಾರೆ? ನಿಂಗೆ ಬದನೆಕಾಯಿ ತಿನ್ನಿಸ್ಬಿಟ್ರು, ಸಿಕ್ಕಾಕೊಂಡ್ರು!” ಅಂದಳು. ನಗುತ್ತಲೇ ಅತ್ತಳು.

ಈಗ ನಾನು ಊಟ ಆಯ್ತಾ ಎಂದು ಕೇಳುವಾಗ ಹೆಂಡತಿಯೂ ಪಕ್ಕದಲ್ಲೇ ಕೂರುತ್ತಾಳೆ. ಇವತ್ತು ಮಧ್ಯಾಹ್ನ ಇನ್ನೂ ಇಲ್ಲ ಎಂದು ಬಂದಿದೆ. ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿ, ಮುದ್ದೆಗೆ ಎಸರಿಡದೆ ಬಂದು ಕೂತಿದ್ದಾಳೆ.

“ಹಸಿವಾದ್ರೆ ನೀವು ಉಣ್ಣಿ” ಅಂದಳು.

“ಇನ್ನೂ ಇಲ್ಲ ಕಣೇ” ಅಂದೆ.